ಅಪ್ಪನ ಬುಜೂಕಿ, ನನ್ನ ಕೆಮ್ಮು

ಜರ್ಸಿ ಸಿಟಿಯ ಆ ಹಳೇ ಅಪಾರ್ಟ್‌ಮೆಂಟಿನಲ್ಲಿ ನಾವಿದ್ದ ಕಾಲಕ್ಕೆ ಶನಿವಾರ ಬೆಳಗಾಗುತ್ತಿದ್ದದ್ದೇ ಉಪ್ಪಿಟ್ಟಿನ ಒಗ್ಗರಣೆಯ ವಾಸನೆಯಿಂದ. ಹೀಟರಿನ ಕೊಳವೆ ಟಕಟಕ ಅನ್ನುತ್ತಿತ್ತು. ನನ್ನ ಕಾನ್ವೆಂಟ್ ಯೂನಿಫಾರ್ಮ್ ಬಚ್ಚಲ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಅಪ್ಪ ಟಿ.ವಿ. ಮುಂದೆ ಕೂತು ವಾರ್ತೆ ನೋಡುತ್ತಿದ್ದರು, ಗೋಡೆಯ ಕ್ಯಾಲೆಂಡರ್ ಅದುರುವಷ್ಟು ಜೋರಾಗಿ.

ಆ ಚಳಿಗಾಲದ ಶನಿವಾರವೂ ಹಾಗೇ ಶುರುವಾಯಿತು. ಅಮ್ಮ ಕಾಫಿ ತಂದು, ಅಪ್ಪನ ಭುಜ ಮುಟ್ಟಿ, ಅವರು ತಿರುಗಿ ನೋಡಿದ ಮೇಲೆ ಕೇಳಿದಳು.

“ಏನ್ರೀ, ಇಂಥಾ ಚಳೀಲಿ ಕ್ವೀನ್ಸ್‌ವರೆಗೂ ಹೋಗ್ಲೇಬೇಕಾ? ಮನೇಲಿರೋ ಮ್ಯಾಂಡೊಲಿನ್ನೇ ಪೆಟ್ಟಿಗೆಯಿಂದ ಈಚೆಗೆ ಬಂದು ಎಷ್ಟು ದಿನ ಆಯ್ತು!”

“ಸುಮ್ನೆ ನೋಡ್ಕೊಂಡು ಬರ್ತೀವಿ ಕಣೇ.”

“ನೀವು ನೋಡಿ. ಅವಳ್ಯಾಕೆ?”

ಅಪ್ಪ ನನ್ನ ಮುಖ ನೋಡಿದರು. ನಾನು ಉಪ್ಪಿಟ್ಟಿನ ಕರಿಬೇವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಜೋಡಿಸುತ್ತಾ, “ನಂಗೆ ಟ್ರೈನ್ ಅಂದ್ರೆ ಇಷ್ಟ ಅಮ್ಮ,” ಅಂದೆ.

ನಾನೇಕೆ ಹೋಗಬೇಕಿತ್ತು ಅನ್ನುವುದು ನಮ್ಮಿಬ್ಬರ ಗುಟ್ಟು. ಅಪ್ಪನಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಎದುರಿಗೆ ಕೂತವರ ತುಟಿ ನೋಡಿ ಹೇಗೋ ಆಫೀಸಿನಲ್ಲಿ ದಿನ ತಳ್ಳುತ್ತಿದ್ದರು. ಮೈಸೂರಿನಿಂದ ತಂದಿದ್ದ ಮ್ಯಾಂಡೊಲಿನ್ ಮಾತ್ರ ಅವರ ಪಾಲಿಗೆ ಮೂಕವಾಗಿಬಿಟ್ಟಿತ್ತು. “ಅಮ್ಮಂಗೆ ಹೇಳ್ಬೇಡ ಪುಟ್ಟಿ,” ಅಂದಿದ್ದರು. “ಕೆಲಸ, ವೀಸಾ ಅಂತ ಮೊದ್ಲೇ ಅವಳಿಗೆ ನಿದ್ದೆ ಇಲ್ಲ.”

ಹೀಗಿರುವಾಗ ಆಫೀಸಿನ ಗ್ರೀಕ್ ಸ್ನೇಹಿತರೊಬ್ಬರ ಮಗಳ ಮದುವೆಗೆ ಹೋದೆವು. ಅಲ್ಲಿ ವಾದ್ಯದವನೊಬ್ಬ ತನ್ನ ಬುಜೂಕಿಯನ್ನು ಅಪ್ಪನ ಕೈಗೆ ಕೊಟ್ಟ. ಉದ್ದ ಕತ್ತು, ಜೋಡಿ ಜೋಡಿ ತಂತಿ, ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ದುಂಡು ಹೊಟ್ಟೆ. ಆ ಹೊಟ್ಟೆಯನ್ನು ಎದೆಗೆ ಒತ್ತಿ, ಗದ್ದವನ್ನು ಅದರ ಅಂಚಿಗೆ ತಾಗಿಸಿ ಮೀಟಿದ ಅಪ್ಪ ಹಾಗೇ ನಿಂತುಬಿಟ್ಟರು. ಕಿವಿಯ ದಾರಿ ಮುಚ್ಚಿದ್ದರೂ ಮೂಳೆಯ ದಾರಿ ತೆರೆದೇ ಇತ್ತು! ಮ್ಯಾಂಡೊಲಿನ್ನಿನ ಚಪ್ಪಟೆ ಬೆನ್ನಿನಿಂದ ಅದು ಆಗಿರಲಿಲ್ಲ.

ಅಂದಿನಿಂದ ಹುಡುಕಾಟ. ಹೊಸದು ನಮ್ಮ ಕೈಗೆಟುಕದು. ಕೊನೆಗೆ ಕ್ವೀನ್ಸ್‌ನ ಆಸ್ಟೋರಿಯಾದಲ್ಲಿ ಕೋಸ್ತಾ ಎಂಬ ಹಿರಿಯರು ಮಗಳ ಮನೆ ಸೇರಲು ಫ್ಲಾರಿಡಾಕ್ಕೆ ಹೊರಟಿದ್ದಾರೆ, ಎರಡು ಬುಜೂಕಿ ಮಾರುತ್ತಾರೆ ಅಂತ ತಿಳಿಯಿತು.

ಒಂದೇ ತೊಡಕು. ಮೂಳೆಯಲ್ಲಿ ಸ್ವರವೇನೋ ಕೇಳುತ್ತಿತ್ತು; ತಂತಿ ಎಲ್ಲೋ ತಾಗಿ ಹೊರಡುವ ಸಣ್ಣ ಅಪಸ್ವರ ಕೇಳುತ್ತಿರಲಿಲ್ಲ. ಅದಕ್ಕೆ ನಾನು ಬೇಕಿತ್ತು. ಮ್ಯಾಂಡೊಲಿನ್ ತಂತಿಯ ಕೆಳಗೆ ಕಾಗದದ ಚೂರು ಸಿಕ್ಕಿಸಿ, ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ, ಅಪ್ಪ ನನಗೆ ವಾರವೆಲ್ಲಾ ಪಾಠ ಮಾಡಿದ್ದರು. “ಜೀರ್ ಅಂತಾ ಇದೆಯಾ? ನೊಣ ಬೆಂಕಿಪೊಟ್ಟಣದಲ್ಲಿ ಸಿಕ್ಕಿಹಾಕ್ಕೊಂಡ ಹಾಗೆ? ಹಾಂ, ಅದೇ. ಅದು ಕೇಳಿದ ತಕ್ಷಣ ಕೆಮ್ಮು.”

ರೈಲು ಸುರಂಗದೊಳಗೆ ಓಡುತ್ತಿತ್ತು. ಅಪ್ಪ ಕಿಟಕಿಯ ಕತ್ತಲು ನೋಡುತ್ತಾ, “ಇದೂ ಆಗ್ಲಿಲ್ಲ ಅಂದ್ರೆ ಮುಗೀತು ಪುಟ್ಟಿ. ಮ್ಯಾಂಡೊಲಿನ್ನನ್ನೂ ಯಾರಿಗಾದ್ರೂ ಕೊಟ್ಬಿಡ್ತೀನಿ,” ಅಂದರು. ತುಸು ಜೋರಾಗಿಯೇ ಅಂದರು. ಎದುರಿಗೆ ಕೂತಿದ್ದವರು ತಲೆಯೆತ್ತಿ ನೋಡಿದರು.

ಕೋಸ್ತಾ ಅವರ ಮನೆಯ ತುಂಬ ನಿಂಬೆಹಣ್ಣು, ಬೆಣ್ಣೆ, ಯಾವುದೋ ಒಣಸೊಪ್ಪಿನ ವಾಸನೆ. ಅರ್ಧ ಸಾಮಾನು ಆಗಲೇ ರಟ್ಟಿನ ಡಬ್ಬ ಸೇರಿತ್ತು. ಸೋಫಾದ ಮೇಲೆ ಎರಡೂ ಬುಜೂಕಿ. ಒಂದರ ಮೈತುಂಬ ಮುತ್ತಿನ ಚಿಪ್ಪಿನ ಹೂಬಳ್ಳಿ, ಮದುವಣಗಿತ್ತಿಯ ಹಾಗೆ. ಇನ್ನೊಂದು ಕಪ್ಪಗೆ, ಹೊಟ್ಟೆಯಲ್ಲೊಂದು ಸೀಳಿನ ಗುರುತು.

“ನುಡಿಸೋದು ನೀವಾ, ಮಗಳಾ?” ಎಂದು ಕೋಸ್ತಾ ಡಬ್ಬಗಳತ್ತ ಬಗ್ಗಿಕೊಂಡೇ ಇಂಗ್ಲಿಷಿನಲ್ಲಿ ಕೇಳಿದರು.

“ಯೆಸ್ ಯೆಸ್, ವೆರಿ ಕೋಲ್ಡ್,” ಅಂದರು ಅಪ್ಪ.

ಕೋಸ್ತಾ ನೆಟ್ಟಗಾದರು. “ಅಪ್ಪಾನೇ ನುಡಿಸ್ತಾರೆ,” ಎಂದು ನಾನು ನಡುವೆ ಬಾಯಿ ಹಾಕಿದೆ. ಅವರು ನನ್ನ ಕೆನ್ನೆ ಚಿವುಟಿ, “ಕೂಕ್ಲಾ!” ಅಂದರು. ಗೊಂಬೆ ಅಂತ ಅರ್ಥವಂತೆ.

ಅಪ್ಪ ಚಿಪ್ಪಿನದನ್ನೇ ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕತ್ತು ಬಾಗಿದೆಯೋ ಎಂದು ತುದಿಯಿಂದ ನೋಡಿದರು. ಹೊಟ್ಟೆಯ ಪಟ್ಟಿಗಳ ಸಂದಿನ ಮೇಲೆ ಉಗುರು ಎಳೆದರು. ತಂತಿಗಳನ್ನು ಹೊತ್ತ ಕುದುರೆಯ ಪಕ್ಕದ ಹಲಗೆ ಕುಸಿದಿದೆಯೋ ಎಂದು ಹೆಬ್ಬೆರಳಿನಿಂದ ಒತ್ತಿದರು. ಬಿರಡೆಗಳನ್ನು ತಿರುಗಿಸಿದರು. ಕೋಸ್ತಾ ಅಷ್ಟೂ ಹೊತ್ತು ಅದನ್ನು ಕೊಂಡ ಕಥೆ, ಅದರ ಜೊತೆ ಹಡಗಿನಲ್ಲಿ ಬಂದ ಕಥೆ ಹೇಳುತ್ತಲೇ ಇದ್ದರು. ಅಪ್ಪ ತಲೆಯಾಡಿಸುತ್ತಲೇ ಇದ್ದರು. ಕಣ್ಣು, ಬೆರಳು ಮಾಡಬಹುದಾದದ್ದೆಲ್ಲ ಆಯಿತು. ಇನ್ನುಳಿದದ್ದು ನಾನು.

ಅಪ್ಪ ಗದ್ದ ತಾಗಿಸಿ ಮೀಟಿದರು. ಕಣ್ಣು ಮುಚ್ಚಿಕೊಂಡವು. ಸ್ವರ ಜೇನಿನ ಹಾಗಿತ್ತು, ಒಂದೂ ಒಡೆದಿರಲಿಲ್ಲ. ಅವರ ಹುಬ್ಬಿನ ನಡುವಿನ ಗೆರೆ ಸಡಿಲವಾಯಿತು. ತಿಂಗಳುಗಳಿಂದ ನಾನು ಆ ಮುಖ ನೋಡಿರಲಿಲ್ಲ. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ? ಬೆರಳು ತಂತಿಯನ್ನು ಪಕ್ಕಕ್ಕೆಳೆದು ಗಮಕ ಹಿಡಿದೇಬಿಟ್ಟಿತು.

“ಏಯ್, ಏಯ್! ಇದು ಸಿತಾರ್ ಅಲ್ಲ ಮೈ ಫ್ರೆಂಡ್!” ಕೋಸ್ತಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಅಪ್ಪನಿಗೆ ಕೇಳಿದರೆ ತಾನೆ!

ಆಗ ಬಂತು. ಜೀರ್. ಎಳೆದ ತಂತಿ ಕತ್ತಿನ ಮೇಲಿನ ಯಾವುದೋ ಲೋಹದ ಮೆಟ್ಟಿಲಿಗೆ ತಾಗಿ ಬೆಂಕಿಪೊಟ್ಟಣದ ನೊಣ ಎದ್ದಿತು. ಸುಮ್ಮನೆ ಮೀಟಿದರೆ ಇಲ್ಲ, ಎಳೆದಾಗಲೆಲ್ಲ ಇದೆ. ಎಳೆಯದೆ ಅಪ್ಪ ಹೇಗೆ ನುಡಿಸಿಯಾರು?

ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದಂತೆ ಕರವಸ್ತ್ರ ಅಡ್ಡ ಹಿಡಿದು ಸಣ್ಣಗೆ ಕೆಮ್ಮಿದೆ. ಅಪ್ಪ ನುಡಿಸುತ್ತಲೇ ಇದ್ದರು. ಸ್ವಲ್ಪ ಜೋರಾಗಿ ಕೆಮ್ಮಿದೆ. ಅವರ ತುಟಿಯಲ್ಲಿ ನಗು. ಕರವಸ್ತ್ರ ಬಿಟ್ಟು ಗಂಟಲು ಹರಿಯುವಂತೆ ಕೆಮ್ಮಿದೆ. ಅಡುಗೆಮನೆಯಿಂದ ಕೋಸ್ತಾ ಅವರ ಹೆಂಡತಿ ಒಂದು ಚಮಚ ಜೇನು ಹಿಡಿದುಕೊಂಡು ಓಡಿಬಂದರು. ಅಪ್ಪ ಕಣ್ಣು ತೆರೆದು, “ಇದೇ ಸಾಕು. ತಗೊಳ್ತೀನಿ,” ಅಂದರು.

ಆಗ ಹೊಳೆಯಿತು. ಕಿವಿ ಕೇಳದವರಿಗೆ ಕೆಮ್ಮಿ ಹೇಳುವ ಉಪಾಯ ಮಾಡಿಕೊಂಡು ಬಂದಿದ್ದೆವು, ಇಬ್ಬರೂ ಸೇರಿ!

ಸುಮ್ಮನಿದ್ದುಬಿಡಲೇ ಅನ್ನಿಸಿತು. ಆ ನಗುವನ್ನು ನಾನೇ ಅಳಿಸಬೇಕಿತ್ತು. ಬಾಯಲ್ಲಿ ಜೇನಿನ ಚಮಚ ಇಟ್ಟುಕೊಂಡೇ ಹೋಗಿ ತಂತಿಗಳ ಮೇಲೆ ಅಂಗೈ ಒತ್ತಿದೆ. ಅಪ್ಪ ನನ್ನ ತುಟಿ ನೋಡಿದರು. ಚಮಚ ತೆಗೆದು, “ನೊಣ ಅಪ್ಪ,” ಅಂದೆ.

ಕೋಸ್ತಾ ಅವರ ಮುಖ ಕೆಂಪಾಗಿತ್ತು. “ಏನಂತೆ? ನನ್ನ ವಾದ್ಯದಲ್ಲಿ ಏನು ಕೊರತೆ?”

ಅಪ್ಪ ಬುಜೂಕಿಯನ್ನು ಮೆಲ್ಲಗೆ ಕೆಳಗಿಟ್ಟರು. “ನನಗೆ ಕಿವಿ ಕೇಳೋದಿಲ್ಲ ಮಿಸ್ಟರ್ ಕೋಸ್ತಾ. ಇವಳು ಹೇಳ್ಬೇಕು.” ಹೊರಗಿನವರೊಬ್ಬರ ಮುಂದೆ ಅವರು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನು ಕೋಸ್ತಾ ನಮ್ಮನ್ನು ಹೊರಗೆ ಕಳಿಸುತ್ತಾರೆ ಅಂದುಕೊಂಡೆ.

“ಹಡಗಿನ ಕಥೆ?” ಕೋಸ್ತಾ ಕೇಳಿದರು. “ಅದೂ ಕೇಳಿಸ್ಲಿಲ್ವಾ?”

“ಇಲ್ಲ.”

“ನಲವತ್ತು ಸಲ ಕೇಳಿದ್ದೀನಿ ನಾನು. ಪುಣ್ಯವಂತ,” ಎಂದರು ಅವರ ಹೆಂಡತಿ. ನನ್ನ ಬೆನ್ನು ಸವರಿ, ಆ ಕಪ್ಪನೆಯದನ್ನು ತಾವೇ ಎತ್ತಿ ಅಪ್ಪನ ತೊಡೆಯ ಮೇಲಿಟ್ಟರು.

“ಅದು ಬಿದ್ದು ಸೀಳಿದ್ದು, ನಾನೇ ಅಂಟಿಸಿದ್ದು. ಆಮೇಲೆ ಬಂದು ದೂರು ಹೇಳ್ಬೇಡಿ,” ಕೋಸ್ತಾ ಗೊಣಗಿದರು.

ಈ ಸಲ ಅಪ್ಪನ ಮಂಡಿಯ ಮೇಲೆ ಕೈಯಿಟ್ಟು ಕೂತೆ. ನೊಣ ಕೇಳಿದರೆ ತಟ್ಟಬೇಕು. ಅಪ್ಪ ಒಂದೊಂದೇ ಮೆಟ್ಟಿಲಿನಲ್ಲಿ ತಂತಿ ಒತ್ತಿ, ಮೀಟಿ, ಎಳೆದು, ನನ್ನ ಕೈ ನೋಡಿ ಮುಂದೆ ಹೋದರು. ಮೂಗು ತುರಿಸುತ್ತಿತ್ತು. ತುರಿಸಿಕೊಳ್ಳಲು ಭಯ, ಕೈ ಅಲ್ಲಾಡಿದರೆ ಅಪ್ಪನ ಸಂಗೀತವೇ ಮುಗಿಯಿತು. ಇನ್ನೊಂದು ಮೆಟ್ಟಿಲು. ಮತ್ತೊಂದು. ಕೋಸ್ತಾ ಕೂಡ ನನ್ನ ಕೈಯನ್ನೇ ನೋಡುತ್ತಿದ್ದರು. ಕತ್ತಿನ ತುದಿಯ ಕೊನೆಯ ಮೆಟ್ಟಿಲಿನವರೆಗೂ ನನ್ನ ಕೈ ಅಲ್ಲಾಡಲಿಲ್ಲ.

ಅಪ್ಪ ಗದ್ದ ಊರಿ ಮೋಹನ ರಾಗವನ್ನು ಕೆಳಗಿನಿಂದ ಮೇಲಕ್ಕೆ ಹತ್ತಿಸಿದರು.

ಆ ಕಪ್ಪು ಬುಜೂಕಿ ಈಗ ಹಿಲ್ಸ್‌ಬರೋದಲ್ಲಿ ನಮ್ಮ ಮನೆಯ ಗೋಡೆಯ ಮೇಲಿದೆ. ಅಂಚಿನಲ್ಲಿ ಅಪ್ಪನ ಗದ್ದ ತಾಗುತ್ತಿದ್ದ ಕಡೆ ಪಾಲಿಶ್ ಸವೆದು ಮರ ಬಿಳಿಚಿದೆ. ಅಪ್ಪ ಹೋದ ಮೇಲೆ ಅದನ್ನು ಯಾರೂ ಎಳೆದು ನುಡಿಸಿಲ್ಲ. ನನ್ನ ಮಗಳು ಹೆಡ್‌ಫೋನ್ ಹಾಕಿಕೊಂಡು ಓಡಾಡುತ್ತಾಳೆ, ಕರೆದರೆ “ವಾಟ್, ಮಾಮ್?” ಅನ್ನುತ್ತಾಳೆ. ಅಮ್ಮ ಅಪ್ಪನನ್ನು ಮಾತಾಡಿಸುತ್ತಿದ್ದ ಹಾಗೆ ನಾನೂ ಹತ್ತಿರ ಹೋಗಿ ಭುಜ ಮುಟ್ಟಿಯೇ ಮಾತಾಡಿಸುತ್ತೇನೆ. ಪಕ್ಕದ ಮನೆಗೂ ನಮಗೂ ನಡುವೆ ಅಗಲವಾದ ಹುಲ್ಲುಹಾಸು. ಅವರ ಮನೆಯಲ್ಲಿ ನಕ್ಕರೂ ಅತ್ತರೂ ನಮಗೆ ಕೇಳುವುದಿಲ್ಲ.

ಬುಜೂಕಿ ತಂದ ಆ ಶನಿವಾರ ಸಂಜೆ ಅಪ್ಪ ಟಿ.ವಿ. ಹಾಕಲೇ ಇಲ್ಲ. ರೂಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ನುಡಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಅಮ್ಮನ ಪಕ್ಕ, ಗುಟ್ಟು ಎಲ್ಲಿ ಬಾಯಿಗೆ ಬಂದುಬಿಡುತ್ತದೋ ಎಂದು ತುಟಿ ಕಚ್ಚಿಕೊಂಡು ನಿಂತಿದ್ದೆ. ಕೆಳಗಿನ ಮನೆಯ ಜುಬೇದಾ ಆಂಟಿ ಬಂದರು. ಅವರು ಶಿವಾಜಿನಗರದವರು. ಅಮ್ಮನ ಸ್ಟೀಲ್ ಡಬ್ಬಕ್ಕೆ ಶಾವಿಗೆ ಪಾಯಸ ತುಂಬಿ ವಾಪಸ್ ತಂದಿದ್ದರು. ಬಾಗಿಲಲ್ಲೇ ನಿಂತು ಒಂದು ಕ್ಷಣ ಬುಜೂಕಿ ಕೇಳಿಸಿಕೊಂಡರು. ಅಮ್ಮ ಚಪಾತಿ ಲಟ್ಟಿಸುತ್ತಲೇ ಇದ್ದಳು.

“ಏನ್ರೀ, ಇವತ್ತು ನಿಮ್ಮ ಟಿ.ವಿ. ಸುಮ್ನಿದೆ?” ಅಂದರು ಆಂಟಿ. “ನಮ್ಮ ಮನೇಲಿ ಯಾರಿಗೂ ವಾರ್ತೆನೇ ಗೊತ್ತಾಗ್ಲಿಲ್ಲ.”