ತಳದ ಒಂದು ಸೌಟು

ದಂಟಿನ ಸೊಪ್ಪನ್ನೂ ಬೇಳೆಯನ್ನೂ ಬೇಯಿಸಿ ಬಸಿದಾಗ ಇಳಿಯುವ ನೀರಿಗೆ ಕಟ್ಟು ಎನ್ನುತ್ತಾರೆ; ಬಸ್ಸಾರು ಆಗುವುದು ಅದರಿಂದಲೇ. ಆ ಕಟ್ಟನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಡಬೇಕು. ಆಮೇಲೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ತಳದ ಒಂದು ಸೌಟನ್ನು ಚೆಲ್ಲಿಬಿಡಬೇಕು. ಸೊಪ್ಪನ್ನು ಎಷ್ಟು ಸಲ ತೊಳೆದರೂ ಬುಡದ ಸಂದಿಯಲ್ಲಿ ಒಂದಿಷ್ಟು ಮರಳು ಉಳಿದಿರುತ್ತದೆ. ಅದು ಬಂದು ಕೂರುವುದು ಆ ಸೌಟಿನಲ್ಲಿ.

ಇದನ್ನು ನನಗೆ ಹೇಳಿಕೊಟ್ಟವಳು ಸವಿತಾ. ನಮ್ಮ ಮನೆಯ ಯಾರೂ ಅಲ್ಲ. ಕೃಷ್ಣಮೂರ್ತಿಪುರಂನ ನನ್ನ ಹೋಟೆಲಿನಲ್ಲಿ 'ಅರಮನೆ ಕಾಲದ ಬಸ್ಸಾರು' ಎಂದು ನೀವು ಇಷ್ಟು ವರ್ಷ ಉಂಡದ್ದು ಅರಮನೆಯದಲ್ಲ, ನನ್ನದೂ ಅಲ್ಲ — ಅವಳದು. ಅದನ್ನು ಅವಳಿಂದ ಕಿತ್ತುಕೊಂಡು, ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಿ, ಅವಳು ನಾಲ್ಕು ಜನರ ಮುಂದೆ ಕಳ್ಳಿ ಅನ್ನಿಸಿಕೊಂಡಾಗಲೂ ಬಾಯಿ ಬಿಡದವಳು ನಾನು.

ಆಹಾರ ವಿಜ್ಞಾನದ ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ವರುಣಾ ಕಡೆಯ ಹಳ್ಳಿಯವಳು, ಬೇಸಾಯದ ಮನೆತನ. ವಿದ್ಯಾರಣ್ಯಪುರಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದಳು. ನಮ್ಮದು ಅರಮನೆ ನೌಕರಿಯಲ್ಲಿದ್ದ ಬ್ರಾಹ್ಮಣ ಕುಟುಂಬ. ನಮ್ಮಿಬ್ಬರ ನಡುವೆ ಇದೊಂದು ವಿಷಯವೇ ಆಗಿರಲಿಲ್ಲ — ಅಥವಾ ನಾನು ಹಾಗೆ ತಿಳಿದಿದ್ದೆ. ಅವಳನ್ನು ಕೇಳಿರಲಿಲ್ಲ.

ಓದು ಮುಗಿದ ಮೇಲೆ, ನನ್ನ ಸೋದರಮಾವನ ಮನೆಯ ಮುಂಭಾಗದಲ್ಲಿ ಇಬ್ಬರೂ ಸೇರಿ ಹೋಟೆಲ್ ತೆರೆದೆವು. ಸರಿಸಮ ಪಾಲು. ಒಲೆ ಅವಳದು, ಗಲ್ಲಾ, ಬಡಿಸುವುದು, ಸಾಮಾನು ತರುವುದು ನನ್ನದು. ನನಗೆ ಅಡುಗೆ ಬರುತ್ತಿರಲಿಲ್ಲವೆಂದಲ್ಲ. ಆದರೆ ನಾನು ಮಾಡಿದ್ದನ್ನು ಜನ ಉಣ್ಣುತ್ತಿದ್ದರು. ಅವಳು ಮಾಡಿದ್ದಕ್ಕಾಗಿ ಜನ ಬರುತ್ತಿದ್ದರು.

ಅವರ ಮನೆಯಲ್ಲಿ ಬಸ್ಸಾರಿಗೆ ಬೆಳ್ಳುಳ್ಳಿ ಧಾರಾಳವಾಗಿ ಬೀಳುತ್ತದೆ. ನಮ್ಮ ಬೀದಿಯಲ್ಲಿ ಅದು ನಡೆಯುವುದಿಲ್ಲವೆಂದು ನಾನೇ ಹೇಳಿದೆ.

"ಬೆಳ್ಳುಳ್ಳಿ ಇಲ್ದಿರೋ ಬಸ್ಸಾರು ಮೂಗಿಲ್ದಿರೋ ಮಖ ಕಣೇ," ಎಂದಳು. ಆಮೇಲೆ, "ಆಯ್ತು ಬುಡು, ನಿಮ್ಮ ಬೀದಿಯೋರಿಗೆ ಬ್ಯಾರೆ ಮೂಗು ಅಂಟಿಸಾನ."

ಇಂಗು, ಮೆಣಸು, ಹುರಿದ ಜೀರಿಗೆ — ವಾರಗಟ್ಟಲೆ ಕೂಡಿಸಿ ಕಳೆದು, ಕೊನೆಗೊಂದು ದಿನ ನನ್ನ ಅಂಗೈಗೆ ಒಂದು ತೊಟ್ಟು ಹಾಕಿ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಮತ್ತೆ ಕೈ ಚಾಚಿದೆ.

ಗೋಡೆಯ ಮೇಲೆ ಅಂದಕ್ಕೆಂದು ನಮ್ಮ ಮುತ್ತಾತನ ಫೋಟೊ ಹಾಕಿದ್ದೆವು — ಪೇಟ, ಉದ್ದನೆಯ ಕೋಟು. ಅವರು ಅರಮನೆಯ ದೀಪಗಳ ಎಣ್ಣೆಯ ಉಸ್ತುವಾರಿಯಲ್ಲಿದ್ದ ಗುಮಾಸ್ತರು. ಯಾರೋ ಊಟ ಮಾಡುತ್ತ, "ಇವರು ಅರಮನೆ ಅಡುಗೆಯವರಾ?" ಎಂದರು. ನಾನು ನಕ್ಕು ಸುಮ್ಮನಾದೆ. ಬಾಯಿಂದ ಸುಳ್ಳು ಹೇಳಿರಲಿಲ್ಲ. ಕೆಲವು ತಿಂಗಳಲ್ಲಿ ಫೋಟೊದ ಕೆಳಗೆ ಬೋರ್ಡು ಬಂತು: ಅರಮನೆ ಕಾಲದ ಬಸ್ಸಾರು.

"ನಿಮ್ಮ ಮುತ್ತಾತ ದೀಪದೆಣ್ಣೆ ನೋಡ್ಕತಿದ್ರು ಅಂತ ನೀನೇ ಅಂದಿದ್ದೆ," ಎಂದಳು ಸವಿತಾ. "ಒಗ್ಗರಣೆಗೆ ಯಾವಾಗ ಇಳುದ್ರು?"

ಇಬ್ಬರೂ ನಕ್ಕೆವು. ಅವಳೇ ಮೊದಲು ನಕ್ಕಳು. ಆ ನಗುವನ್ನು ನಾನು ಒಪ್ಪಿಗೆ ಎಂದು ಇಟ್ಟುಕೊಂಡೆ.

ಪಕ್ಕದ ಕ್ರಾಸಿನ ರುಕ್ಮಿಣಮ್ಮನವರು ನಿವೃತ್ತ ಮೇಷ್ಟ್ರಮ್ಮ, ನಮ್ಮ ಮೊದಲ ಗಿರಾಕಿಗಳಲ್ಲಿ ಒಬ್ಬರು. ನಮ್ಮಲ್ಲಿಗೆ ಅರ್ಧ ಬೀದಿಯನ್ನು ಕರೆತಂದವರು ಅವರೇ. ಅವರ ಮಗಳ ಸೀಮಂತಕ್ಕೆ ಊಟ ನಮ್ಮಿಂದಲೇ ಎಂದು ನಿಶ್ಚಯವಾಯಿತು. ಬಸುರಿ ಮಗಳಿಗೆ ನಮ್ಮ ಬಸ್ಸಾರಿನ ಬಯಕೆ; ಹೋಳಿಗೆ, ಚಿತ್ರಾನ್ನದ ಜೊತೆ ಅದೂ ಇರಬೇಕು. ಎಲ್ಲ ಮಾತಾದ ಮೇಲೆ ಹೊರಟವರು ತಿರುಗಿ ನಿಂತರು.

"ನಮ್ಮತ್ತೆ ಬರ್ತಾರೆ ಕಣಮ್ಮ ವಿಭಾ. ಕೈ ಯಾರದು ಅಂತ ಕೇಳೇ ಕೇಳ್ತಾರೆ. ಅಡುಗೆ ನಿಂದೇ ತಾನೇ?"

ಜಾತಿಯ ಹೆಸರನ್ನು ಅವರು ಎತ್ತಲಿಲ್ಲ. ಎತ್ತಬೇಕಾಗಿರಲಿಲ್ಲ.

"ನಂದೇ ಅಮ್ಮ."

"ಮತ್ತೆ ಒಳಗಿರ್ತಾಳಲ್ಲ, ಆ ಹುಡುಗಿ?"

"ಅವಳು ತರಕಾರಿ ಹೆಚ್ಚಿಕೊಡೋದು. ಅಷ್ಟೆ."

ಒಳಗೆ ಗ್ರೈಂಡರ್ ಆಗಷ್ಟೇ ನಿಂತಿತ್ತು. ಇನ್ನೊಂದು ಗಳಿಗೆ ಓಡಿದ್ದರೆ — ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳಿಗೆ ಕೇಳಿಸದೆ ಹೋಗಿದ್ದರೆ ಆ ಮಾತು ಬೇರೆ ಮಾತಾಗುತ್ತಿತ್ತೇ?

ಅವಳು ಗ್ರೈಂಡರನ್ನು ಮತ್ತೆ ಓಡಿಸಿದಳು. ಸೀಮಂತದ ದಿನ ನನಗಿಂತ ಮೊದಲೇ ಬಂದಿದ್ದಳು. ಹುರುಳಿಕಾಯಿ, ಕುಂಬಳಕಾಯಿ, ಮೂರು ನೀರಿನಲ್ಲಿ ತೊಳೆದ ದಂಟಿನ ಸೊಪ್ಪು, ಎಲ್ಲವೂ ಹೆಚ್ಚಿ ತಟ್ಟೆಗಳಲ್ಲಿ ಸಾಲಾಗಿತ್ತು. ಒಲೆ ತಣ್ಣಗಿತ್ತು. ಅವಳು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ಸವಿತಾ, ಒಲೆ..."

"ನಾನು ಹೆಚ್ಕೊಡೋಳು. ಹೆಚ್ಚಿವ್ನಿ. ಮಿಕ್ಕಿದ್ದು ನಿಮ್ದು ಮೇಡಂ."

ಕ್ಷಮೆ ಕೇಳುವಷ್ಟು ಸಮಯವಿತ್ತು. ನಾನು ಒಲೆ ಹಚ್ಚಿದೆ.

ಬಸಿದಾಗ ಕಟ್ಟು ಕಡಿಮೆ ಬಿದ್ದಂತೆ ಕಂಡಿತು. ಅಷ್ಟು ಜನ ಬರುವವರು — ನೀರು ಬೆರೆಸಿದರೆ ರುಚಿ ಕೆಡುತ್ತದೆ, ರುಚಿ ಕೆಟ್ಟರೆ ಕೈ ಯಾರದೆಂದು ಗೊತ್ತಾಗುತ್ತದೆ. ತಳದ ಸೌಟಿನ ವಿಷಯ ನನಗೆ ಮರೆತಿರಲಿಲ್ಲ. ಗೊತ್ತಿದ್ದೇ ಪಾತ್ರೆಯನ್ನು ಪೂರ್ತಿ ಬಗ್ಗಿಸಿದೆ. ಸವಿತಾ ನೋಡುತ್ತಿದ್ದಳು. ನಾನೂ ಅವಳು ನೋಡುವುದನ್ನು ನೋಡಿದೆ.

ರುಕ್ಮಿಣಮ್ಮನವರ ಮನೆಯ ಪಂಕ್ತಿಯಲ್ಲಿ ಅವರ ಅತ್ತೆ ಅಗಿಯುವುದನ್ನು ನಿಲ್ಲಿಸಿದರು. "ಮರಳು ಕಣೇ ರುಕ್ಮಿಣಿ." ಬಸುರಿ ಹುಡುಗಿ ತುತ್ತನ್ನು ಎಲೆಯ ಅಂಚಿಗೆ ಉಗುಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅಡುಗೆ ನನ್ನದು ತಾನೇ.

"ಸೊಪ್ಪು ಹೆಚ್ಚಿದವಳು ಸರಿಯಾಗಿ ತೊಳೆದಿಲ್ಲ ಅಮ್ಮ," ಎಂದೆ. "ಹೇಳ್ತೀನಿ ಅವಳಿಗೆ."

ನಾನು ಹೇಳಲಿಲ್ಲ. ಮುಂದಿನ ವಾರ ರುಕ್ಮಿಣಮ್ಮನವರೇ ಅಡುಗೆಮನೆಯ ಬಾಗಿಲಿಗೆ ಬಂದು, ಶಾಲೆಯ ಮಕ್ಕಳಿಗೆ ಹೇಳುವಷ್ಟು ಅಕ್ಕರೆಯಿಂದ ಹೇಳಿದರು: "ಸೊಪ್ಪು ಎರಡು ಮೂರು ಸಲ ತೊಳೀಬೇಕು ಕಣಮ್ಮ. ಗೊತ್ತಿಲ್ದಿದ್ರೆ ವಿಭಾನ ಕೇಳ್ಕೋ."

ಸವಿತಾ ಅವರನ್ನೇ ನೋಡಿದಳು. ನನ್ನ ಕಡೆ ತಿರುಗಲಿಲ್ಲ. "ಆಯ್ತಮ್ಮ, ಇನ್ಮೇಲೆ ತೊಳೀತೀನಿ," ಎಂದಳು. ಆ ಮಧ್ಯಾಹ್ನದ ಊಟ ಮುಗಿಯುವವರೆಗೂ ಕೆಲಸ ಮಾಡಿ, ತನ್ನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಮತ್ತೆ ಬರಲಿಲ್ಲ.

ಬೋರ್ಡು ಹಾಗೆಯೇ ಇತ್ತು. ಬಸ್ಸಾರೂ ಇತ್ತು, ನೋಡಿ ನೋಡಿ ಕಲಿತಿದ್ದೆ. ತಳದ ಸೌಟನ್ನು ಮತ್ತೆ ಯಾವ ದಿನವೂ ಬಗ್ಗಿಸಲಿಲ್ಲ. ವರ್ಷಗಳು ಹೋದವು. ದಟ್ಟಗಳ್ಳಿಯಲ್ಲಿ ಅವಳೊಂದು ಸಣ್ಣ ಹೋಟೆಲ್ ಮಾಡಿದ್ದಾಳೆಂದು ಕೇಳಿದ್ದೆ. ಆ ಕಡೆಯ ಬಡಾವಣೆಗಳಿಗೆ ಕೆಲಸವಿದ್ದರೂ ಹೋಗುತ್ತಿರಲಿಲ್ಲ.

ಹೋದ ವಾರ ರುಕ್ಮಿಣಮ್ಮನವರು ಊಟಕ್ಕೆ ಬಂದು ಕೂತರು. ಅವರ ಮಗಳು ಈಗ ದಟ್ಟಗಳ್ಳಿಯಲ್ಲಿ ಮನೆ ಮಾಡಿದ್ದಾಳೆ.

"ಅಲ್ಲೊಂದು ಹೋಟ್ಲು ಕಣೇ. ಬಸ್ಸಾರು ಬಾಯಿಗಿಟ್ರೆ ಥೇಟ್ ನಿಂದೇ. ಒಳಗೆ ಇಣುಕಿದ್ರೆ ಯಾರು? ನಿಮ್ಮಲ್ಲಿ ಹೆಚ್ಚಿಕೊಡ್ತಿದ್ಲಲ್ಲ, ಅವಳೇ. ನಾನು ಬಿಡ್ತೀನಾ? ಅಷ್ಟೂ ಜನದ ಮುಂದೆ ಕೇಳ್ದೆ, ಅನ್ನ ಕೊಟ್ಟ ಮನೆ ಅಡುಗೇನೇ ಕದ್ದು ಮಾರ್ತಿದೀಯಲ್ಲ, ನಾಚಿಕೆ ಆಗಲ್ವಾ ಅಂತ."

ನನ್ನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಎಲೆಯ ಮೇಲೆಯೇ ನಿಂತಿತ್ತು. "ಏನಂದಳು?"

"ಏನೂ ಅನ್ಲಿಲ್ಲ. 'ವಿಭಾನ್ನೇ ಕೇಳಿ ಅಮ್ಮ' ಅಂದ್ಲು, ಅಷ್ಟೆ. ಉಣ್ತಿದ್ದೋರು ಇಬ್ಬರು ಅರ್ಧಕ್ಕೇ ಎದ್ದು ಹೋದ್ರು. ಅದಕ್ಕೇ ಕೇಳೋಣ ಅಂತ ಬಂದೆ."

ಇಷ್ಟು ವರ್ಷಗಳ ಮೇಲೂ ಅವಳು ಸತ್ಯವನ್ನು ತಾನಾಗಿ ಹೇಳಿರಲಿಲ್ಲ. ಅದನ್ನು ನನ್ನ ಬಾಯಿಗೆ ಬಿಟ್ಟಿದ್ದಳು. ಒಂದು ಮಾತು ಸಾಕಿತ್ತು. ಪಕ್ಕದ ಮೇಜಿನವರು ಕೇಳಿಸಿಕೊಳ್ಳುತ್ತಿದ್ದರು. ಮುತ್ತಾತ ಗೋಡೆಯ ಮೇಲಿದ್ದರು.

"ಹೋಗಲಿ ಬಿಡಿ ಅಮ್ಮ," ಎಂದೆ. "ಹೇಗೋ ಬದುಕಿಕೊಳ್ಳಲಿ."

"ನಿಂದು ದೊಡ್ಡ ಮನಸ್ಸು ಕಣಮ್ಮ," ಎಂದು ಅವರು ನನ್ನ ಕೈ ಸವರಿದರು.

ಅವಳ ಬಸ್ಸಾರನ್ನು ಕಿತ್ತುಕೊಂಡದ್ದು ಒಂದು, ಮರಳನ್ನು ಅವಳ ಮೇಲೆ ಹೊರಿಸಿದ್ದು ಒಂದು. ಆದರೆ ಅವಳನ್ನು *ಕ್ಷಮಿಸಿದೆನಲ್ಲ* — ಅದಕ್ಕೆ ಏನು ಹೆಸರು ಕೊಡಬೇಕೋ ನನಗೆ ತಿಳಿಯದು. ಹೆದರಿದ್ದೆ ಎನ್ನಬಹುದು. ಚಿಕ್ಕ ವಯಸ್ಸು ಎನ್ನಬಹುದಿತ್ತು, ಮೊದಲ ಸಲ. ಈ ಸಲ ಅದೂ ಇಲ್ಲ.

ಮರುದಿನ ಬೆಳಿಗ್ಗೆ ಹೋಟೆಲ್ ತೆರೆಯಲಿಲ್ಲ. ಬೋರ್ಡು ಇಳಿಸಿದೆ, ಮುತ್ತಾತನ ಫೋಟೊ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟೆ. ಪಕ್ಕದ ಕ್ರಾಸಿಗೆ ಹೋದಾಗ ರುಕ್ಮಿಣಮ್ಮನವರು ಮನೆಯ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು. ಗೇಟಿನ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಸೀಮಂತದ ದಿನದ ಮರಳು?"

"ನಾನು ಹುಯ್ದದ್ದು. ಗೊತ್ತಿದ್ದೇ."

ಮುಷ್ಟಿಯಲ್ಲಿದ್ದ ರಂಗೋಲಿ ಪುಡಿಯನ್ನು ಬಟ್ಟಲಿಗೆ ಸುರಿದರು. "ಆ ಹುಡುಗೀನ ನನ್ನ ಬಾಯಲ್ಲಿ ಕಳ್ಳಿ ಅನ್ನಿಸಿದೆಯಲ್ಲೇ," ಎಂದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನಾನಾದ್ರೂ ಕೈ ಯಾರದು ಅಂತ ಯಾಕೆ ಕೇಳ್ದೆ." ನನ್ನನ್ನು ಒಳಗೆ ಕರೆಯದೆ ಬಾಗಿಲು ಹಾಕಿಕೊಂಡರು.

ದಟ್ಟಗಳ್ಳಿಗೆ ಆಟೋದಲ್ಲಿ ಹೋದೆ. ತಿಂಡಿಗೆ ಜನ ತುಂಬಿದ್ದರು. ಮೇಜುಗಳ ನಡುವೆ ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳಿದೆ — ನನ್ನ ಹೆಸರು, ನನ್ನ ಹೋಟೆಲಿನ ಹೆಸರು, ಬಸ್ಸಾರು ಈಕೆಯದು, ಕದ್ದವಳು ನಾನು. ಕೆಲವರು ತಿನ್ನುವುದನ್ನು ನಿಲ್ಲಿಸಿದರು, ಕೆಲವರು ನಿಲ್ಲಿಸಲಿಲ್ಲ.

ಸವಿತಾ ಅಡುಗೆಮನೆಯಿಂದ ಹೊರಗೆ ಬಂದಳು. ಮಧ್ಯಾಹ್ನದ ಊಟಕ್ಕೆ ಸೊಪ್ಪು ಬೆಂದ ಪಾತ್ರೆ, ಅದರ ಎರಡು ಕಿವಿಗೂ ಮಸಿಬಟ್ಟೆ ಹಿಡಿದ ಕೈಗಳು. ಬಸಿಯುವ ಜಾಗ ಹಿತ್ತಲಲ್ಲಿತ್ತು. ಅಲ್ಲಿಗೆ ಹೋಗುವ ದಾರಿಗೆ ನಾನು ಅಡ್ಡ ನಿಂತಿದ್ದೆ. ನನ್ನ ಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು.

"ಬಿಸಿ ಅದೆ," ಎಂದಳು. "ದಾರಿ ಬುಡು."

ನಾನು ಪಕ್ಕಕ್ಕೆ ಸರಿದೆ.