ಪೆಟ್ರೋಲ್ ಪಂಪಿಗೆ ಕಟ್ಟಿದ ಒದ್ದೆ ಅರಿವೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಹೇಳಿಕೊಳ್ಳಲು ಸಂಕೋಚವಿಲ್ಲ, ಹಗಲು ಗೊಬ್ಬರದಂಗಡಿಯಲ್ಲಿ ಚೀಲ ಹೊತ್ತು, ಸಂಜೆ ಓದಿ ಗಳಿಸಿದ್ದು. ರಾಮದುರ್ಗದಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ ನನಗಿಂತ ವಯಸ್ಸಾದ ಒಂದು ಪೆಟ್ರೋಲ್ ಕಾರು ಕೊಂಡೆ. ಹಳೆಯದೇ ಯಾಕೆ ಅಂದರೆ, ಅಂಥದೇ ಕಾರನ್ನು ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಬೈಲಹೊಂಗಲದ ಹತ್ತಿ ವ್ಯಾಪಾರಿಯೊಬ್ಬರಿಗೆ ಬಹಳ ವರ್ಷ ಓಡಿಸಿದ್ದ. ಅವ್ವ ಅದನ್ನು ದಿನಾ ನೋಡಿದ್ದಳು, ಒಮ್ಮೆಯೂ ಹತ್ತಿರಲಿಲ್ಲ.

ನನ್ನ ಕಾರಿನ ಉಸ್ತುವಾರಿಯೂ ಮಾವನದೇ. ಬೇಸಿಗೆ ಬಂತೆಂದರೆ ಅವನದೊಂದು ಪದ್ಧತಿ. ಹಳೆ ಧೋತರದ ತುಂಡನ್ನು ನೀರಲ್ಲಿ ಅದ್ದಿ, ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿಗೆ ಸುತ್ತುತ್ತಿದ್ದ. ಪಂಪು ಕಾದರೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಒದ್ದೆ ಅರಿವೆ ಅದನ್ನು ತಂಪಾಗಿಡುತ್ತದೆ. ನಮ್ಮ ಕಡೆಯ ಹಳೆ ಡ್ರೈವರುಗಳು ಹೀಗೇ ಮಾಡುತ್ತಿದ್ದರು, ಸುಳ್ಳಲ್ಲ.

ನಾನು ರಬ್ಬರ್ ಪೈಪು ಬದಲಿಸೋಣ ಅಂದೆ. ಈಗಿನ ಪೆಟ್ರೋಲಿಗೆ ಎಥೆನಾಲ್ ಕೂಡಿಸುತ್ತಾರೆ, ಹಳೆ ರಬ್ಬರು ತಾಳುವುದಿಲ್ಲ ಎಂದು ಓದಿದ್ದೆ. ಮಾವ ನಕ್ಕ. ಗಟ್ಟಿ ಇದ್ದದ್ದನ್ನು ಕೀಳಬಾರದು, ಅಷ್ಟು ಅಂಜಿಕೆಯಿದ್ದರೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೋ ಅಂದ. ಸೀಟಿನ ಕೆಳಗೆ ಇಟ್ಟುಕೊಂಡೆ.

ಅದೇ ಬೇಸಿಗೆ ಅವ್ವನನ್ನು ಕಿತ್ತೂರಿಗೆ, ನನ್ನ ತಂಗಿಯ ಮನೆಗೆ ಕರೆದುಕೊಂಡು ಹೊರಟೆವು. ಮಾವ ಸ್ಟೇರಿಂಗ್ ಮೇಲೆ, ನಾನು ಪಕ್ಕದಲ್ಲಿ, ಅವ್ವ ಹಿಂದೆ. ಅವಳ ಮೊಣಕಾಲು ಕೆಟ್ಟಿವೆ. ಏಳಬೇಕೆಂದರೆ ಇಬ್ಬರು ಹಿಡಿಯಬೇಕು. ಸವದತ್ತಿ ದಾಟಿ, ಮುರಗೋಡ ದಾಟಿದ ಮೇಲೆ ಪೆಟ್ರೋಲ್ ವಾಸನೆ ಬಂತು. ಹಿಂದೆಯೇ ಬಾನೆಟ್ಟಿನ ಅಂಚಿನಿಂದ ಹೊಗೆ.

ಮಾವ ಗಾಡಿ ಬದಿಗೆ ಹಾಕಿ ಕೀಲಿ ತಿರುವಿದ. ನಾನು ಹಿಂದಿನ ಬಾಗಿಲಿಗೆ ಓಡಿದೆ. ಅವ್ವ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ಹೊಲದಿಂದ ಬಂದ ಒಬ್ಬಾತ ಅವಳ ಇನ್ನೊಂದು ರಟ್ಟೆ ಹಿಡಿದ. ದೂರ ಒಯ್ದು ಬೇವಿನ ಗಿಡದ ಕೆಳಗೆ ಕೂಡಿಸಿ ತಿರುಗಿದರೆ, ಮಾವ ಬಾನೆಟ್ಟಿಗೆ ಕೈ ಹಾಕಿದ್ದ.

"ಮಾವಾ, ಪೂರಾ ಎತ್ತಬ್ಯಾಡ್ರಿ. ಗಾಳಿ ಹೊಕ್ಕರ ಭುಗ್ ಅಂತೈತಿ."

"ಎತ್ತಲಾರ್ದ ಹೆಂಗ ಆರಸ್ತೀಯೋ ಮಾಸ್ತರ, ಬೆಂಕಿಗೆ ಪಾಠಾ ಹೇಳಿ ಏನು?"

ಅಂದನಾದರೂ ಕೈ ತಡೆದ. ಬಾನೆಟ್ಟಿನ ಚಿಲಕ ಸಡಿಲಿಸಿ, ಬೆರಳಗಲದ ಸಂದಿಯಿಂದಲೇ ಸಿಲಿಂಡರಿನ ಪುಡಿ ಹೊಡೆದೆ. ಆರಿತು. ಎಂಜಿನ್ ತಣ್ಣಗಾಗುವವರೆಗೆ ಯಾರೂ ಮುಟ್ಟಲಿಲ್ಲ.

ಆಮೇಲೆ ತೆರೆದು ನೋಡಿದರೆ ಪೈಪು ಸೀಳಿತ್ತು. ಅರಿವೆಯ ನೀರು ಎಂಜಿನ್ ಕಾವಿಗೆ ಎಂದೋ ಆರಿ, ಅದು ಸೋರಿದ ಪೆಟ್ರೋಲ್ ಕುಡಿದಿತ್ತು. ಉಳಿದದ್ದು ಕರಿ ಚಿಂದಿ. ಮಾವ ಅದನ್ನು ಕೈಯಲ್ಲಿ ಹಿಡಿದು, "ನಾ ಕಟ್ಟಿದ್ದಕ್ಕ ಬೆಂಕಿ ಹತ್ತೇತಿ," ಅಂದ. ಅವನ ಕಾಲಕ್ಕೆ ಅವನ ಪದ್ಧತಿ ತಪ್ಪಿರಲಿಲ್ಲ. ಆ ಪೆಟ್ರೋಲ್ ಬೇರೆ, ಆ ಪೈಪು ಹೊಸದು. ಅನುಭವಕ್ಕೂ ಮುದಿತನ ಬರುತ್ತದೆ, ಬಂದದ್ದು ಅನುಭವಸ್ಥನಿಗೆ ತಿಳಿಯುವುದಿಲ್ಲ. ನನ್ನ ಓದಿಗೂ ಒಂದಿನ ಬರಬಹುದು.

ಇನ್ನು ಅಕ್ಕನನ್ನು ಬಸ್ಸಿನಲ್ಲೇ ಕಳಿಸು ಎಂದು ಮಾವ ತಲೆ ತಗ್ಗಿಸಿ ಹೇಳಿದ. ಅವ್ವ ಗಿಡದ ಕೆಳಗಿಂದಲೇ ಉತ್ತರ ಕೊಟ್ಟಳು:

"ಬಸ್ಸಿನ್ಯಾಗ ಜನ್ಮಾ ಪೂರ್ತಿ ಕುಂತೇನಿ. ನನ್ನ ಮಗನ ಗಾಡಿ ಐತಿ. ಪೈಪ್ ಹಾಕಸ್ರಿ, ಬರತೇನಿ."

ಗಾಡಿ ಎಳೆಸಿಕೊಂಡು ಹೋಗಿ ಬೈಲಹೊಂಗಲದಲ್ಲಿ ಎಥೆನಾಲ್ ತಾಳುವ ಪೈಪು ಹಾಕಿಸಿದೆವು. ಈಗ ಹೊರಡುವ ಮುಂಚೆ ಮಾವ ಪೈಪು ಮುಟ್ಟಿ, ಬೆರಳು ಮೂಸಿ, ನನ್ನನ್ನೂ ಕರೆಯುತ್ತಾನೆ. ನಾನೂ ಮುಟ್ಟಿ ಮೂಸಬೇಕು. ಇಬ್ಬರೂ ಹೂಂ ಅಂದ ಮೇಲೆಯೇ ಅವ್ವನನ್ನು ಹತ್ತಿಸುವುದು. ಅಲ್ಲಿಯವರೆಗೆ ಕಟ್ಟೆಯ ಮೇಲೆ ಕುಳಿತು ಅವಳು ಗೊಣಗುತ್ತಾಳೆ, ಹೆಣ್ಣು ನೋಡಾಕ ಹೋದವರೂ ಇಷ್ಟು ಹೊತ್ತು ನೋಡೂದಿಲ್ಲ ಅಂತ.