ಚಪ್ಪಾಳೆ ತಟ್ಟಿ ಕೇಳುತ್ತಿದ್ದವರು

ನೈರೋಬಿಯ ನ್ಗಾರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಎಂಜಿನಿಯರ್, ಯಾವ ಕಟ್ಟಡಕ್ಕೆ ಹೋದರೂ ಒಂದು ಚಪ್ಪಾಳೆ ತಟ್ಟಿ, "ಗೋಡೆ ಏನನ್ನುತ್ತೆ ಕೇಳಿ" ಎನ್ನುತ್ತಿದ್ದರು.

ಒಮ್ಮೆ ಹತ್ತಿರದ ಪಂಗಾನಿಯ ಚರ್ಚೊಂದರ ಸಭಾಂಗಣದಲ್ಲಿ ಯುರೋಪಿನ ಹಳೆಯ ಬರೋಕ್ ಶೈಲಿಯ ಗಾಯನವಿತ್ತು; ದನಿಯ ಏರ್ಪಾಡು ಈ ಎಂಜಿನಿಯರದ್ದು. ಕಲ್ಲಿನ ಕಮಾನುಗಳಡಿ ಹುಟ್ಟಿದ ಸಂಗೀತಕ್ಕೆ ಮಾರ್ದನಿ ಬೇಕೆಂದು ಅವರು ಸಭಾಂಗಣದ ಪರದೆ, ಜಮಖಾನೆಗಳನ್ನೆಲ್ಲ ತೆಗೆಸಿದ್ದರು. ಖಾಲಿ ಸಭಾಂಗಣ ಚೆನ್ನಾಗಿ ಮೊಳಗಿತ್ತು. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳೇ ದನಿ ಹೀರಿ, ಸ್ವರಗಳು ಹುಟ್ಟಿದಲ್ಲೇ ಅಡಗಿದವು.

"ಜನ ಬರ್ತಾರೆ ಅನ್ನೋದನ್ನೇ ಮರೆತ್ರಲ್ರೀ!" ಎಂದು ಅವರ ಹೆಂಡತಿ ಪಿಸುಗುಟ್ಟಿದರು.

ವಿರಾಮದಲ್ಲಿ ಎಂಜಿನಿಯರ್ ಗಾಯಕರನ್ನು ಪಕ್ಕದಲ್ಲಿ ಕಲ್ಲುಗೋಡೆಗಳ ನಡುವೆ ಏರುವ ಖಾಲಿ ಮೆಟ್ಟಿಲುಗಳ ಮೇಲೆ ನಿಲ್ಲಿಸಿ, ಸಭಾಂಗಣದ ಬಾಗಿಲು ತೆರೆಸಿದರು. ನಾಲ್ವರಿದ್ದರೋ ಹತ್ತು ಮಂದಿಯೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ದನಿ ಮಾತ್ರ ಮೇಲೆ ಹತ್ತಿ, ದುಂಡಗಾಗಿ ಒಳಗೆ ಬಂತು.

ಹೆಂಡತಿ ಖಾಲಿ ಕುರ್ಚಿ ತೋರಿಸಿ ಕರೆದರು.

"ಬೇಡ ಕಣೇ, ನಾನೂ ಬಂದ್ರೆ ಅಷ್ಟು ಸ್ವರ ನುಂಗಿಬಿಡ್ತೀನಿ" ಎಂದು ಬಾಗಿಲಾಚೆ ನಗುತ್ತ ನಿಂತರು.